ಭಾವನ ಕಂಡೆನ್ಸರ್

ಅಂಗಡಿಯವ ಕೊಟ್ಟ ಸಾಮಾನನ್ನು ಹಾಗೆಯೇ ತಂದು ಹಾಕಿದರೆ ಮರ್ಯಾದೆ ಹೋಯಿತು ಎಂದುಕೊಳ್ಳುವವರು ಊರಿಗೊಬ್ಬರಾದರೂ ಇರುತ್ತಾರೆ. ‘ಇದಕ್ಕೆ ಅಷ್ಟು ದುಡ್ಡು ಕೊಡ್ಲಿಕ್ಕೆ ಮರ್ಲಾ ಮಾರಾಯ? ಇದೇ ಕೆಲಸ ಮಾಡುವಂಥದ್ದು ಮನೆಯಲ್ಲೇ ಉಂಟು’ ಎಂಬುದು ಇವರ ಮೂಲಮಂತ್ರ. ಉಂಟು, ಸುಳ್ಳಲ್ಲ. ಆದರೆ ಅದು ಆ ಹೊತ್ತಿಗೆ ಯಾವುದೋ ಮಿಕ್ಸಿಯ ಹೊಟ್ಟೆಯಲ್ಲಿ ಸುಖವಾಗಿ ಕೆಲಸ ಮಾಡಿಕೊಂಡಿರುತ್ತದೆ. ಇಂಥವರ ಕೈಗೆ ಹಳೆಯ ಕಾರು ಸಿಕ್ಕಬಾರದು. ಸಿದ್ಧಕಟ್ಟೆಯ ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಒಂದು ಮಾರಿಸ್ ಮೈನರ್ ಸಿಕ್ಕಿತು.

1948ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮಾದರಿ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತಂತಿ ಬಾಡಿಯ ತಗಡಿಗೆ ಅರ್ತ್ ಆಗಿರುತ್ತದೆ, ಇದರಲ್ಲಿ ಪ್ಲಸ್. ಬಂಟ್ವಾಳದ ಹುಡುಗು ಮೆಕ್ಯಾನಿಕ್‌ಗಳು ಇದನ್ನು ಕಂಡು ಸ್ಪ್ಯಾನರ್ ಕೆಳಗಿಟ್ಟರು. ಭಾವನಿಗೆ ಬೇಕಾದದ್ದೂ ಅದೇ.

ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಫ್ಯೂಸ್ ಆಯಿತು. ಹಳೆಯ ಟಾರ್ಚ್ ಸೆಲ್ಲಿನ ಕಾರ್ಬನ್ ಕಡ್ಡಿಯನ್ನು ಅರದಲ್ಲಿ ತಿಕ್ಕಿ ತಿಕ್ಕಿ ಡೈನಮೋಗೆ ಬ್ರಶ್ ಮಾಡಿದರು. ಅದು ಓಡಿತು, ಓಡುತ್ತಲೇ ಡೈನಮೋದ ತಾಮ್ರವನ್ನು ತಿಂದಿತು. ನನ್ನ ಮದುವೆಯ ಕಾಗದವನ್ನು ಭಾವ ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿರುವುದನ್ನು ನೋಡಿ ನನ್ನ ಹೆಂಡತಿಗೆ ಕಣ್ಣು ತುಂಬಿ ಬಂದಿತ್ತು. ಅದರ ದಪ್ಪ ಇಂಚಿನ ಸಾವಿರದಲ್ಲಿ ಸುಮಾರು 15 ಭಾಗ, ಕರೆಂಟು ಕಡಿದು ಕೂಡಿಸುವ ಪಾಯಿಂಟಿನ ಗ್ಯಾಪ್ ಅಳೆಯಲು ಸರೀ ಆಗುತ್ತದೆ ಎಂದು ಅವಳಿಗೆ ನಾನು ಇನ್ನೂ ಹೇಳಿಲ್ಲ.

ಇದನ್ನೆಲ್ಲ ಸಹಿಸಬಹುದು. ಕಂಡೆನ್ಸರ್ ಪುರಾಣವನ್ನು ಮಾತ್ರ ಸಹಿಸಲಾಗದು. ಡಿಸ್ಟ್ರಿಬ್ಯೂಟರಿನ ಒಳಗೆ ಹೆಬ್ಬೆರಳಿನ ತುದಿಯಷ್ಟು ದೊಡ್ಡ ತಗಡಿನ ಡಬ್ಬಿ ಅದು. ಪಾಯಿಂಟ್ ಬಿಡಿಸಿಕೊಂಡಾಗ ಕರೆಂಟು ಅಲ್ಲೇ ಕಿಡಿಯಾಗಿ ಹಾರಲು ನೋಡುತ್ತದೆ. ಆ ಹೊಡೆತವನ್ನು ಕಂಡೆನ್ಸರ್ ನುಂಗಿಕೊಂಡರೆ ಕಾಯಿಲಿನಲ್ಲಿ ಕರೆಂಟು ಫಕ್ಕನೆ ಕಡಿದುಹೋಗಿ, 12 ವೋಲ್ಟು ಸಾವಿರಗಟ್ಟಲೆ ವೋಲ್ಟಾಗಿ ಪ್ಲಗ್ಗಿಗೆ ಹೋಗುತ್ತದೆ. ಈ ಏರ್ಪಾಟನ್ನು ಬಳಕೆಗೆ ತಂದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್; 1912ರ ಕ್ಯಾಡಿಲಾಕಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟವನೂ ಅವನೇ. ಈ ಏರ್ಪಾಟಿಗೆ 0.2 ಮೈಕ್ರೋಫ್ಯಾರಡ್ ಆಸುಪಾಸಿನ ಕಂಡೆನ್ಸರ್ ಸಾಕು. ಕಾರಿನದು ಸತ್ತಾಗ ಭಾವ ಅದರ ಜಾಗಕ್ಕೆ ಸಿಕ್ಕಿಸಿದ್ದು ನಮ್ಮ ಚಾವಡಿಯ ಫ್ಯಾನಿನದನ್ನು; ಅದು 2.5.

‘ದೊಡ್ಡದಾದರೆ ಒಳ್ಳೇದೇ ಅಲ್ವಾ?’ ಎಂದರು ಭಾವ. ಪರೀಕ್ಷೆಗೆ ಅವರು ಆರಿಸಿದ್ದು ಮೂಡುಬಿದಿರೆಯಲ್ಲಿ ಮದುವೆಯಿದ್ದ ದಿನವನ್ನು. ಮೇ ತಿಂಗಳು, ಮುಹೂರ್ತ ಹತ್ತಿರ. ಕಾರು ಪುಚ್ಚಮೊಗರಿನವರೆಗೆ ಕೆಮ್ಮುತ್ತ ಬಂದು ನಿಂತಿತು. ಜರಿಪಂಚೆ ಎತ್ತಿಕಟ್ಟಿ ದೂಡಿದ್ದು ನಾನು. ‘ಇದರ ಕ್ಲಚ್ಚಿಗೆ ಒಂದು ಮರ್ಮ ಉಂಟು, ನಿನಗೆ ಆಗುದಿಲ್ಲ’ ಎಂದು ಒಳಗೆ ಕೂತದ್ದು ಅವರು. ಅಕ್ಕ ಮಾತಾಡದೆ ಇಳಿದು ಹಿಂದಿನಿಂದ ಬಂದ ಬಸ್ಸಿಗೆ ಕೈ ತೋರಿಸಿದಳು. ಭಾವ ಬಾನೆಟ್ ಎತ್ತಿ, ಪ್ಲಗ್ ಬಿಚ್ಚಿ, ಹಳದಿ ಬಣ್ಣದ ಬಡಕಲು ಕಿಡಿಯನ್ನು ಕಣ್ತುಂಬ ನೋಡಿ, ಕಿಸೆಯಿಂದ ಪುಸ್ತಕ ತೆಗೆದು ಬರೆದುಕೊಂಡರು. ‘ಗೊತ್ತಾಯ್ತು ನೋಡು. 2.5 ಆಗುದಿಲ್ಲ.’ ಗೊತ್ತಿಲ್ಲದೆ ಇದ್ದವರು ಯಾರು ಎಂದು ಕೇಳಲು ನನಗೆ ಉಸಿರಿರಲಿಲ್ಲ.

ಆಮೇಲೆ ಅದೇ ಕಿಸೆಯಿಂದ ಹಳೆಯ ರೇಡಿಯೋದ ಒಂದು ಕೆಪಾಸಿಟರ್ ಹೊರಬಂತು. 0.22 ಮೈಕ್ರೋಫ್ಯಾರಡ್, 630 ವೋಲ್ಟ್. ಕಾರು ಹೊರಟಿತು. ಪಾಯಸದ ಹೊತ್ತಿಗೆ ತಲುಪಿದೆವು. ಮರಳುವಾಗ ಅದುರಾಟಕ್ಕೆ ಅದರ ತಂತಿ ತುಂಡಾಯಿತು ಎನ್ನುವುದು ಬೇರೆ ವಿಷಯ.

ಹೀಗೆಲ್ಲ ಎಷ್ಟು ಉಳಿಯಿತು ಎಂದು ಅಕ್ಕ ಕೇಳಿದರೆ ಭಾವನಿಗೆ ತೋಟದಲ್ಲಿ ತುರ್ತು ಕೆಲಸ ನೆನಪಾಗುತ್ತದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳ ಎದುರು ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರೆ, ಇವರು ಬಗ್ಗಿ ಬಗ್ಗಿ ತಂತಿ ಎಲ್ಲಿಗೆ ಹೋಗಿದೆ ಎಂದು ನೋಡುತ್ತಾರೆ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಎಂಬ ಬಸ್ ಕಂಪೆನಿ ಶುರುವಾದ ಕಾಲಕ್ಕೆ ಭಾವ ಹುಟ್ಟಬೇಕಿತ್ತು ಎಂದು ನನಗೆ ಅನಿಸಿದ್ದುಂಟು. ಬಿಡಿಭಾಗ ಕಡಲು ದಾಟಿ ಬರಬೇಕಾಗಿದ್ದ ದಿನಗಳಲ್ಲಿ ಇಂಥವರಿಗೆ ಊಟ ಹಾಕಿ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದರೋ ಏನೋ. ಈಗ ನನ್ನ ಕಾರಿನಲ್ಲಿ ಒಂದು ದೀಪ ಹೊತ್ತಿದರೆ ಸರ್ವಿಸಿನ ಹುಡುಗ ಲ್ಯಾಪ್‌ಟಾಪ್ ಚುಚ್ಚಿ, ಡಬ್ಬಿಗೆ ಡಬ್ಬಿಯೇ ಬದಲಿಸಬೇಕು ಸಾರ್ ಅನ್ನುತ್ತಾನೆ. ಒಳಗೆ ಏನಿದೆ ಎಂದು ಅವನೂ ನೋಡಿಲ್ಲ, ನಾನೂ ಕೇಳಿಲ್ಲ.

ಕನಿಕರ ಬಂದು, ಹೋದ ವರ್ಷ ಭಾವನಿಗೆ ‘ಒರಿಜಿನಲ್’ ಎಂದು ಬರೆದಿದ್ದ ಹೊಸ ಕಂಡೆನ್ಸರನ್ನು ಕೊರಿಯರಿನಲ್ಲಿ ತರಿಸಿಕೊಟ್ಟೆ. ತಿಂಗಳೊಳಗೆ ಅದು ಸತ್ತಿತು. ರೇಡಿಯೋದ್ದು ಎಂ-ಸೀಲ್ ಮೆತ್ತಿಸಿಕೊಂಡು ಮತ್ತೆ ಡ್ಯೂಟಿಗೆ ಹಾಜರಾಯಿತು. ಭಾವ ಹಂಗಿಸುತ್ತಾರೆ ಎಂದು ಕಾದೆ. ಹಂಗಿಸಲಿಲ್ಲ. ಮಧ್ಯರಾತ್ರಿಗೆ ಸ್ವಲ್ಪ ಮೊದಲು ಫೋನು ಬಂತು.

‘ಅದನ್ನು ಗರಗಸದಲ್ಲಿ ಕೊಯ್ದೆ. ಒಳಗೆ ಎಂತ ಉಂಟು ಹೇಳು ನೋಡುವ?’

‘ಗಂಟೆ ಎಷ್ಟಾಯ್ತು ಭಾವ?’

‘ಅದಿರಲಿ ಮಾರಾಯ. ತಂತಿಯ ಬೆಸುಗೆಯೇ ಸರಿ ಕೂತಿಲ್ಲ. ಎಲ್ಲದರಲ್ಲೂ ಹೀಗೆಯೋ, ಇದೊಂದೇ ಹೀಗೆಯೋ ಗೊತ್ತಾಗ್ಬೇಕಲ್ಲ? ಇನ್ನೆರಡು ತರಿಸು. ಕೊಯ್ದು ನೋಡುವ.’