ಲಗ್ನಪತ್ರಿಕೆಯ ಗಮಕ ವಾಚನ

ಮನೆಗೆ ಮಗು ಬರುತ್ತದೆಂದು ಗೊತ್ತಾದ ಕೂಡಲೇ ನನ್ನ ಹೆಂಡತಿ ಹಳೇ ಕಾಟನ್ ಸೀರೆಗಳನ್ನು ಹುಡುಕಿ, ಒಗೆದು, ಮಡಚಿ ಇಡತೊಡಗಿದಳು. ನಾನು ಪೇಟೆಗೆ ಹೋಗಿ ಅಕ್ಸೆಷನ್ ರಿಜಿಸ್ಟರ್ ತಂದೆ.

ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಷ್ಟೂ ಕಾಲ ಗ್ರಂಥಾಲಯ ಸಮಿತಿಯ ಸಂಚಾಲಕನಾಗಿದ್ದವನು ನಾನು. ಸಭೆಗೆ ಬೋಂಡ, ಕಾಫಿ ಹೇಳಿಸಿದ್ದು ಬಿಟ್ಟರೆ ನನ್ನಿಂದಾದ ಘನಕಾರ್ಯ ಇನ್ನೊಂದಿಲ್ಲ ಎಂದು ಸಹೋದ್ಯೋಗಿಗಳು ಆಡಿಕೊಳ್ಳುತ್ತಿದ್ದರು, ಇರಲಿ. ಕ್ರಮಸಂಖ್ಯೆ, ಲೇಖಕ, ಪ್ರಕಾಶಕ, ಬೆಲೆ, ಷರಾ ಎಂದು ಗೆರೆ ಎಳೆದ ದಪ್ಪ ರಿಜಿಸ್ಟರ್ ಕಂಡರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ. ಮಗಳು ಬಾಣಂತನಕ್ಕೆಂದು ಮೈಸೂರಿಗೆ ಬರುವ ಹೊತ್ತಿಗೆ ‘ಪುಟಾಣಿ ಗ್ರಂಥಭಂಡಾರ’ ಎಂಬ ರಬ್ಬರ್ ಸ್ಟಾಂಪೂ ತಯಾರಾಗಿತ್ತು. ಓದುಗರು ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಹುಟ್ಟುವ ತನಕ ಕಾಯುವುದಾದರೂ ಯಾಕೆ? 1986ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಎಂಬ ಸಂಶೋಧಕರು ಬಸುರಿಯರಿಂದ ಕೊನೆಯ ಆರು ವಾರ ದಿನಾ ಒಂದೇ ಕತೆಯನ್ನು ಗಟ್ಟಿಯಾಗಿ ಓದಿಸಿದ್ದರು. ಹುಟ್ಟಿದ ಶಿಶುಗಳು ನಿಪ್ಪಲ್ ಚೀಪುವ ಲಯವನ್ನೇ ಬದಲಿಸಿಕೊಂಡು, ಹೊಸ ಕತೆ ಬಿಟ್ಟು ಹೊಟ್ಟೆಯಲ್ಲಿ ಕೇಳಿದ್ದ ಕತೆಯನ್ನೇ ಕೇಳಿಸಿಕೊಂಡವು. ಆ ಬಸುರಿಯರಲ್ಲಿ ಕೆಲವರು ಓದಿದ್ದು ಡಾ. ಸೂಸ್ ಬರೆದ ಟೋಪಿ ಬೆಕ್ಕಿನ ಕತೆ. ಅಮೆರಿಕದ ಕೂಸಿಗೆ ಬೆಕ್ಕು ಸಾಕಾಗಬಹುದು, ನಮ್ಮ ಕೂಸಿಗೆ ಕುಮಾರವ್ಯಾಸನಿಗಿಂತ ಕಡಿಮೆ ಆದರೆ ಹೇಗೆ ಎಂದುಕೊಂಡು ಸಂಜೆ ಹೊತ್ತು ಮಗಳೆದುರು ಕುರ್ಚಿ ಹಾಕಿಕೊಂಡು ಗಮಕ ಶುರುಮಾಡಿದೆ. ಓದಿದವರು ತಾಯಂದಿರು, ಅಜ್ಜಂದಿರಲ್ಲ ಎಂಬ ವಿವರವನ್ನು ನಾನು ಸ್ವಲ್ಪ ಬೇಗ ಬೇಗ ದಾಟಿಬಿಟ್ಟಿದ್ದೆ.

ಮಗಳು ಎರಡನೇ ಪದ್ಯಕ್ಕೇ ನಿದ್ದೆ ಹೋಗುತ್ತಿದ್ದಳು. ನನಗೆ ಸುಭದ್ರೆಯ ನೆನಪಾಗಿ ಎದೆ ಧಸಕ್ಕೆನ್ನುತ್ತಿತ್ತು. ಒಮ್ಮೆ ಅವಳೇ ಹೇಳಿದಳು: “ಅಪ್ಪಾ, ನೀವು ರಾಗ ಎತ್ತಿದ ತಕ್ಷಣ ಒಳಗಿಂದ ಒದೆಯುತ್ತೆ.” ನಾನು ಹಿಗ್ಗಿ ಹೀರೇಕಾಯಾದೆ. ಹೆಂಡತಿ ಸೊಪ್ಪು ಬಿಡಿಸುತ್ತಾ, “ಯಾಕೆ ಒದೀತು ಅಂತ ಹೊರಗೆ ಬಂದ ಮೇಲೆ ಅದನ್ನೇ ಕೇಳೋಣ” ಎಂದಳು.

ಸಂಗ್ರಹ ಬೆಳೆಯುತ್ತಲೇ ಇತ್ತು. ಮೊದಲ ನಮೂದು ಶಿವರಾಮ ಕಾರಂತರ ‘ಬಾಲ ಪ್ರಪಂಚ’, 1936ರಲ್ಲಿ ಬಂದ ಮೂರು ಸಂಪುಟ. ಹಳೇ ಪುಸ್ತಕದಂಗಡಿಯವನು ಹೇಳಿದಷ್ಟು ಕೊಟ್ಟು ತಂದೆ. ಆಮೇಲೆ ಕುವೆಂಪು ಅವರ ಕಿಂದರಿಜೋಗಿ, ರಾಜರತ್ನಂ, ಪಂಜೆ. ಪ್ರತಿ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕೆಂಬುದು ರಂಗನಾಥನ್ ಅವರು 1931ರಲ್ಲಿ ಕೊಟ್ಟ ಗ್ರಂಥಾಲಯ ಸೂತ್ರಗಳಲ್ಲೊಂದು. ಅದನ್ನು ನಾನು ಅಕ್ಷರಶಃ ಪಾಲಿಸುತ್ತಿದ್ದೇನೆಂದೇ ನಂಬಿದ್ದೆ. ಕಪಾಟು ನೋಡಿದ ಮಗಳು “ಇದೆಲ್ಲ ಯಾರಿಗಮ್ಮಾ?” ಎಂದಳು. “ನಿಮ್ಮಪ್ಪನಿಗೇ. ಚಿಕ್ಕವರಿದ್ದಾಗ ಯಾರೂ ಕೊಡಿಸಿರಲಿಲ್ವಂತೆ” ಎಂದು ಅವಳಮ್ಮ ಹೇಳಿದ್ದು ನನಗೆ ಕೇಳಿಸಲಿಲ್ಲವೆಂಬಂತೆ ಸ್ಟಾಂಪ್ ಒತ್ತುತ್ತಾ ಕೂತೆ.

ಪುಟ್ಟಿ ಹುಟ್ಟಿದಳು. ಹುಟ್ಟಿದಾಗಿನಿಂದಲೇ ಮಗುವಿಗೆ ಓದಿಹೇಳಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿದೆಯೆಂದು ಮಗಳಿಗೆ ಗೊತ್ತಿತ್ತು. ಎಳೇ ಕೂಸಿನ ಕಣ್ಣಿಗೆ ಇಪ್ಪತ್ತು ಮೂವತ್ತು ಸೆಂಟಿಮೀಟರ್ ದೂರದ್ದಷ್ಟೇ ನೆಟ್ಟಗೆ ಕಾಣುತ್ತದೆ, ಅದರಲ್ಲೂ ಕಪ್ಪು ಬಿಳುಪು, ದಪ್ಪ ಗೆರೆ, ಮನುಷ್ಯರ ಮುಖ ಅಂದರೆ ಇಷ್ಟ ಎಂದು ಬರೀ ಪಟ್ಟೆ, ಚುಕ್ಕಿ, ಚೌಕಗಳಿದ್ದ ಪುಸ್ತಕವೊಂದನ್ನು ತರಿಸಿದಳು. ಲೇಖಕರ ಹೆಸರಿಲ್ಲ, ಪಠ್ಯವೂ ಇಲ್ಲ. ರಿಜಿಸ್ಟರಿಗೆ ಏನೆಂದು ಬರೆಯಲಿ? ‘ನವ್ಯ’ ಎಂದು ಬರೆದೆ.

ಓದಲು ಕೂತಾಗ ಇನ್ನೊಂದು ತೊಡಕು. ಅವಳಿಗೆ ಪುಸ್ತಕ ಒಂದಡಿ ದೂರದಲ್ಲಿರಬೇಕು. ನನಗೆ ಚಾಳೀಸು, ಕೈ ಪೂರಾ ಚಾಚಿ ಹಿಡಿದರೆ ಮಾತ್ರ ಅಕ್ಷರ. ಅವಳ ಅಳತೆಗೆ ಹಿಡಿದರೆ ನನಗೆ ಬರೀ ಮಂಜು, ನನ್ನ ಅಳತೆಗೆ ಹಿಡಿದರೆ ಅವಳಿಗೆ ಬರೀ ಗಾಳಿ. ಕನ್ನಡಕ ಹಾಕಿಕೊಂಡು ಬಗ್ಗಿದೆ. ಮೊದಮೊದಲು ನನ್ನ ಮುಖವನ್ನೇ ದಿಟ್ಟಿಸುತ್ತಿದ್ದಳು. ಕೈಗೆ ಹಿಡಿತ ಬಂದ ದಿನ ಕನ್ನಡಕವನ್ನು ಕಿತ್ತು, ಅದರ ಕಡ್ಡಿಯನ್ನು ಬಾಯಿಗಿಟ್ಟುಕೊಂಡು, ವಿಶ್ವವಿದ್ಯಾಲಯದ ಪರೀಕ್ಷಕರ ಥರ ನನ್ನನ್ನು ನೋಡಿದಳು.

ಆಮೇಲೆ ಎಲ್ಲವೂ ಬಾಯಿಗೆ. ‘ಬಾಲ ಪ್ರಪಂಚ’ದ ಒಂದು ಪುಟದ ತುದಿ ಹೋಯಿತು. ಷರಾ ಕಾಲಮ್ಮಿನಲ್ಲಿ ‘ಓದುಗರಿಂದ ಭಾಗಶಃ ಭಕ್ಷಿತ’ ಎಂದು ಬರೆದು ಸಹಿ ಹಾಕಿದೆ.

ರಟ್ಟಿನ ಪುಸ್ತಕವೇ ಗತಿ ಎಂದು ಅಂಗಡಿಗೆ ಹೋದೆ. “ಸರ್, ಮಗು ಯಾವ ಕ್ಲಾಸು?” ಎಂದ ಹುಡುಗ. ಐದು ತಿಂಗಳೆಂದೆ. ಅವನು ನಿರ್ವಿಕಾರನಾಗಿ ಹಣ್ಣು, ತರಕಾರಿ, ವಾಹನಗಳ ಕಟ್ಟು ಮುಂದಿಟ್ಟ. ಹಣ್ಣಿನ ಪುಸ್ತಕದಲ್ಲಿ ಚೆರ್ರಿ, ಕಿವಿ, ಸ್ಟ್ರಾಬೆರಿ ಎಲ್ಲ ಇದ್ದವು. ಹಲಸೂ ಇಲ್ಲ, ನೇರಳೆಯೂ ಇಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನವರ ಕನ್ನಡ ಚಿತ್ರಪುಸ್ತಕಗಳು ಚೆನ್ನಾಗಿದ್ದವು, ಬೆಲೆಯೂ ಕಡಿಮೆ. ಆದರೆ ಆ ತೆಳು ಹಾಳೆಗೆ ಪುಟ್ಟಿಯ ಎರಡು ಹಲ್ಲು ದಂಡಿಯಾಯಿತು.

ಅಷ್ಟರಲ್ಲಿ ಅಳಿಯಂದಿರು ಎರಿಕ್ ಕಾರ್ಲ್‌ನ ಹಸಿದ ಕಂಬಳಿಹುಳು ತಂದರು. 1969ರಿಂದ ಜಗತ್ತಿನ ಮಕ್ಕಳೆಲ್ಲ ಅದರ ಪುಟಗಳ ತೂತಿನಲ್ಲಿ ಬೆರಳು ತೂರಿಸುತ್ತಿದ್ದಾರೆ, ಪುಟ್ಟಿಯೂ ತೂರಿಸಿದಳು. ಇಂಗ್ಲಿಷನ್ನು ನಾನು ಆಶುವಾಗಿ ಕನ್ನಡಕ್ಕೆ ತರುತ್ತಾ ಹೋದೆ. ಶನಿವಾರ ಆ ಹುಳ ಕೇಕು, ಐಸ್‌ಕ್ರೀಮಿನ ಜತೆ ಸಲಾಮಿ, ಸಾಸೇಜನ್ನೂ ತಿನ್ನುತ್ತದೆ. ನಮ್ಮದು ಸಸ್ಯಾಹಾರಿ ಮನೆ, ಮೇಲಾಗಿ ಶನಿವಾರ. ಮದ್ದೂರು ವಡೆ, ಕೋಡುಬಳೆ, ಮೈಸೂರು ಪಾಕು ತಿನ್ನಿಸಿದೆ. “ನಾನು ಮಾಡಿದ ಮೈಸೂರು ಪಾಕಿಗೆ ಹುಳ ಬಿಡ್ತೀರಲ್ರೀ!” ಎಂದು ಅಡುಗೆಮನೆಯಿಂದ ಆಕ್ಷೇಪ ಬಂತು. ಪುಟ್ಟಿ ಅಲ್ಲಿಗೇ ತೂತು ಬಿಟ್ಟು ಟೀಪಾಯಿಯ ಕಡೆಗೆ ಅಂಬೆಗಾಲಿಟ್ಟಳು.

ಟೀಪಾಯಿಯ ಮೇಲಿತ್ತು ಅವಳ ಪುಸ್ತಕ. ಬಂಧುಗಳ ಮನೆಯ ಲಗ್ನಪತ್ರಿಕೆ.

ಪ್ರಕಾಶಕರು ಕಣ್ಣಿಟ್ಟು ನೋಡಬೇಕಾದ ವಸ್ತು ಅದು. ಹಲ್ಲಿಗೆ ಜಗ್ಗದ ದಪ್ಪ ರಟ್ಟು. ಮುಟ್ಟಿದರೆ ಬೆರಳಿಗೆ ಸಿಗುವಂತೆ ಉಬ್ಬಿದ ಚಿನ್ನದ ಬಣ್ಣದ ಗಣಪತಿ. ಬಾಗಿಲಿನ ಹಾಗೆ ಎರಡೂ ಕಡೆಗೆ ತೆರೆದುಕೊಳ್ಳುವ ರೆಕ್ಕೆ, ಎಳೆಯಲು ಕೆಂಪು ರೇಷ್ಮೆ ಕುಚ್ಚು, ನೆಕ್ಕಲು ನಾಲ್ಕು ಮೂಲೆಗೂ ಹಚ್ಚಿದ ಅರಿಶಿನ. ಹಳದಿ ನಾಲಿಗೆ ಚಾಚಿಕೊಂಡು ಅದನ್ನು ನನ್ನ ತೊಡೆಯ ಮೇಲೆ ಬಿಸಾಡಿ “ಊಂ” ಎಂದಳು. ಓದು ಎಂದರ್ಥ.

ಮೋಹನ ರಾಗದಲ್ಲಿ ಓದಿದೆ. ಕುಲದೇವತೆ, ಹಿರಿಯರು, ಚಿರಂಜೀವಿ ವರ, ಸೌಭಾಗ್ಯವತಿ ವಧು. ವರನ ಹೆಸರಿನ ಮುಂದಿದ್ದ ‘ಬಿ.ಇ., ಎಂ.ಎಸ್., ಯು.ಎಸ್.ಎ.’ ಬಂದಾಗ ಅವಳು ಹೊಟ್ಟೆ ಕುಣಿಸಿ ನಕ್ಕಳು. ಕೊನೆಯಲ್ಲಿ, ನಮ್ಮ ಚಿಕ್ಕಪ್ಪನ ಮದುವೆಗೆ ತಪ್ಪದೇ ಬನ್ನಿ ಎಂದು ಕೈಗೂಸುಗಳ ಹೆಸರಲ್ಲಿ ಒಂದು ಕರೆ ಇರುತ್ತದಲ್ಲ, ಅದಕ್ಕೆ ಚಪ್ಪಾಳೆ. ಎರಡು ವರ್ಷದೊಳಗಿನ ಲೇಖಕರಿಗೆ ಜಾಗ ಕೊಟ್ಟಿರುವ ಬೇರೆ ಪ್ರಕಾರ ಕನ್ನಡದಲ್ಲಿದ್ದರೆ ವಿದ್ವಾಂಸರು ತಿಳಿಸಬೇಕು. ಮುಗಿಸಿದೆ. “ಊಂ.” ಮತ್ತೆ ಓದಿದೆ. “ಊಂ.” ಕಾಲೇಜು ನಾಟಕಗಳಲ್ಲಿ ಬಣ್ಣ ಹಚ್ಚಿಕೊಂಡು ಎಷ್ಟು ಕೂಗಾಡಿದರೂ ನನಗೊಂದು ‘ಒನ್ಸ್ ಮೋರ್’ ಬಿದ್ದಿರಲಿಲ್ಲ. ಈಗ ಬಿದ್ದದ್ದು ನಿಲ್ಲಲೊಲ್ಲದು. ಒಂದು ಸಂಜೆ ಬೇಸತ್ತು ಆರತಕ್ಷತೆಯನ್ನು ಹಾರಿಸಿ ಓದಿದೆ. ಪಟ್ಟನೆ ಹಿಂದಿನ ರೆಕ್ಕೆ ಮಡಚಿ, ಹಾರಿಸಿದ ಕಡೆಗೇ ಬೆರಳಿಟ್ಟಳು. ಅಂಥ ಒಬ್ಬ ವಿದ್ಯಾರ್ಥಿ ನನ್ನ ತರಗತಿಯಲ್ಲಿದ್ದಿದ್ದರೆ ನಾನು ಸ್ವಯಂನಿವೃತ್ತಿ ತೆಗೆದುಕೊಳ್ಳುತ್ತಿದ್ದೆ.

ಪಕ್ಕದ ಮನೆಯಾಕೆ ಹೆಂಡತಿಯನ್ನು ಕಾಂಪೌಂಡಿನ ಹತ್ತಿರ ಕರೆದು ದನಿ ತಗ್ಗಿಸಿದರಂತೆ: “ಮೇಷ್ಟ್ರನ್ನ ಡಾಕ್ಟರಿಗೆ ತೋರಿಸಿದ್ರಾ? ದಿನಾ ಸಾಯಂಕಾಲ ಅದೇ ಮದುವೆಗೆ ಕರೀತಾರೆ. ಆ ಹುಡುಗಿ ಆಗಲೇ ಬಸುರಿ ಅಂತ ನೀವೇ ಹೇಳಿದ್ರಿ.”

“ಡಾಕ್ಟರು ಆಮೇಲೆ. ನಿಮ್ಮನೇಲಿ ಹಳೇ ಕಾರ್ಡುಗಳಿದ್ರೆ ಕೊಡಿ. ನಮಗೂ ಆ ಮದುವೆ ಸಾಕಾಗಿದೆ” ಎಂದಳಂತೆ ಇವಳು.

ಮಾರನೇ ದಿನ ಒಂದು ಕವರ್ ತುಂಬ ಬಂತು. ಮದುವೆ, ಮುಂಜಿ, ಗೃಹಪ್ರವೇಶ. ರಿಜಿಸ್ಟರ್ ತೆಗೆದು ಕನ್ನಡಕ ಹುಡುಕುವಷ್ಟರಲ್ಲಿ ಪುಟ್ಟಿ ಕವರನ್ನು ಬೋರಲು ಹಾಕಿ, ಚಿನ್ನದ ಗಣಪತಿಗಳನ್ನೆಲ್ಲ ಆಚೆ ತಳ್ಳಿ, ತಳದಲ್ಲಿದ್ದ ಒಂದನ್ನು ಎಳೆದುಕೊಂಡಳು. ಕಪ್ಪು ಬಿಳುಪು. ಸುತ್ತ ದಪ್ಪ ಗೆರೆ. ನಡುವೆ ನೆಟ್ಟಗೆ ನೋಡುವ ದೊಡ್ಡದೊಂದು ಮುಖ, ಮೀಸೆ ಸಮೇತ. ತಜ್ಞರು ಹೇಳಿದ್ದೆಲ್ಲ ಇತ್ತು. ವೈಕುಂಠ ಸಮಾರಾಧನೆಯ ಕಾರ್ಡು.

“ಊಂ” ಎಂದಳು.

ಗಂಟಲು ಸರಿಮಾಡಿಕೊಂಡೆ. ಅಡುಗೆಮನೆಯಿಂದ ಹೆಂಡತಿ ಓಡಿಬಂದಳು: “ಮೋಹನ ಮಾತ್ರ ಹಿಡೀಬೇಡಿ ರೀ! ಅದು ಅವರ ಮಾವನವರು.”