ಸಿಲ್ಕ್ ಬೋರ್ಡಿನ ಬೈಕಾರ್ಥಿ

ಬೆಂಗಳೂರಿನ ಮಧ್ಯಮವರ್ಗದಲ್ಲಿ, ಮನೆಯ ಸಾಲ ಅರ್ಧ ತೀರಿ ಹೊಟ್ಟೆ ತುಸುವೇ ಮುಂದೆ ಬಂದಿರುವ ಗಂಡಸರ ನಡುವೆ ಕಾಣಸಿಗುವ ಒಂದು ವಿಶಿಷ್ಟ ಪ್ರಭೇದವನ್ನು, ಬೇರೆ ಹೆಸರಿಲ್ಲದ ಕಾರಣ, ಬೈಕಾರ್ಥಿ ಎಂದು ಕರೆಯಬಹುದು. ಡಾಂಬರು ರಸ್ತೆಯಲ್ಲೂ ಕಲ್ಲುಮಣ್ಣಿನ ಹಾದಿಯಲ್ಲೂ ಓಡಬಲ್ಲ, ಎತ್ತರದ ಸೀಟು ಮತ್ತು ದೊಡ್ಡ ಮುಂಚಕ್ರವುಳ್ಳ ಬೈಕುಗಳಿಗೆ ಡ್ಯುಯಲ್ ಸ್ಪೋರ್ಟ್ ಎನ್ನುತ್ತಾರೆ. ಅಂಥದೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ವಾರವಿಡೀ ಬನಶಂಕರಿಯಿಂದ ಬೆಳ್ಳಂದೂರಿನ ಕಚೇರಿಗೂ ರಜೆ ಸಿಕ್ಕಾಗ ಲಡಾಖಿಗೂ ಹೋಗಬೇಕೆಂಬುದು ಈತನ ಜೀವನೋದ್ದೇಶ. ಇದರ ಮೊದಲರ್ಧವನ್ನು ಸದ್ಯಕ್ಕೆ ಹೆಂಡತಿಯ ಸ್ಕೂಟರ್ ನೆರವೇರಿಸುತ್ತಿದ್ದು, ಉಳಿದರ್ಧ ಸದಾ ಮುಂದಿನ ಜೂನ್ ತಿಂಗಳಿಗೆ ನಿಗದಿಯಾಗಿರುತ್ತದೆ.

ಈ ಪ್ರಭೇದದ ಪಾಂಡಿತ್ಯ ಅಪಾರ. 2011ರಲ್ಲಿ ಬಂದ ಹೀರೋ ಇಂಪಲ್ಸ್ ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಸರಿದುಹೋಯಿತಷ್ಟೆ. ಆಗ ಅದನ್ನು ಕೊಳ್ಳದೆ ಬಿಟ್ಟವರೇ ಇಂದು ಅದರ ಗುಣಗಾನವನ್ನು ಅತ್ಯಂತ ಭಕ್ತಿಯಿಂದ ಮಾಡುತ್ತಾರೆ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200, 2020ರಲ್ಲಿ ಕೆಟಿಎಂ 390 ಅಡ್ವೆಂಚರ್ ಬಂದ ಮೇಲಂತೂ ಆಯ್ಕೆಯ ಕ್ಲೇಶ ಹೆಚ್ಚಿ, ಬೈಕಾರ್ಥಿಯು ಮೂರರ ವಿವರಗಳನ್ನೂ ಎಕ್ಸೆಲ್ ಹಾಳೆಗೆ ತುಂಬಿ ಬಣ್ಣ ಹಚ್ಚಿಟ್ಟುಕೊಂಡಿದ್ದಾನೆ. 411 ಸಿಸಿ ಹಿಮಾಲಯನ್‌ನ 15 ಲೀಟರಿನ ಟ್ಯಾಂಕು ಲೀಟರಿಗೆ 30 ಕಿ.ಮೀ. ಲೆಕ್ಕದಲ್ಲಿ 450 ಕಿ.ಮೀ. ಓಡಿಸುವುದರಿಂದ, ಮಂಗಳೂರಿನವರೆಗೆ ಎಲ್ಲೂ ಪೆಟ್ರೋಲ್ ಹಾಕಿಸದೆ ಹೋಗಬಹುದೆಂದು ಆತ ಸಾಧಿಸಬಲ್ಲ. ಆ ದಾರಿಯಲ್ಲಿ ಬಂಕುಗಳಿಗೇನೂ ಬರವಿಲ್ಲವೆಂಬುದೂ, ಕಾಫಿಗಾಗಿ ಆತ ಹೇಗೂ ಕುಣಿಗಲ್ಲಿನಿಂದಲೇ ನಿಲ್ಲಲು ಶುರುಮಾಡುತ್ತಾನೆಂಬುದೂ ಹಾಳೆಯಲ್ಲಿ ಸೇರುವುದಿಲ್ಲ. ಮನೆಯಲ್ಲಿ ತಂದೆಯವರು ಕೇಳುವ "ಮೈಲೇಜ್ ಎಷ್ಟು ಕೊಡುತ್ತೆ?" ಎಂಬ ಒಂದೇ ಪ್ರಶ್ನೆಗೆ ಈ ಇಡೀ ಹಾಳೆ ಉತ್ತರವಾಗಿದ್ದರೂ, ಅದನ್ನು ತೋರಿಸುವ ಧೈರ್ಯ ಆತನಿಗೆ ಬಂದಿಲ್ಲ.

ಹಾಳೆಗೂ ರಸ್ತೆಗೂ ಇರುವ ಅಂತರ ಬಯಲಾಗುವುದು ಸೀಟಿನ ಎತ್ತರದಲ್ಲಿ. ಹಿಮಾಲಯನ್‌ನ ಸೀಟು ನೆಲದಿಂದ 800 ಮಿ.ಮೀ., ಎಕ್ಸ್‌ಪಲ್ಸ್‌ನದು 823, ಕೆಟಿಎಂನದು 855. ಐದಡಿ ನಾಲ್ಕಂಗುಲದ ಬೈಕಾರ್ಥಿಯ ಮನಸ್ಸು ಮಾತ್ರ ಸಹಜವಾಗಿಯೇ ಮೂರನೆಯದರ ಮೇಲೆ. ಸ್ನೇಹಿತನ ಬೈಕನ್ನು ಒಂದು ದಿನಕ್ಕೆಂದು ಎರವಲು ತಂದಾಗ, ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಅಟ್ಟದ ಮೇಲಿನ ಡಬ್ಬಿಗೆ ಕೈಚಾಚಿದವರ ಹಾಗೆ ಒಂದೇ ತುದಿಗಾಲಿನ ಮೇಲೆ ನಿಂತಿರುವ ಈತನನ್ನು ಪಕ್ಕದ ಆಟೋ ಚಾಲಕರು ಕರುಣೆಯಿಂದ ನೋಡುತ್ತಾರೆ. ಬಿಎಸ್6 ಹೊಗೆ ಮಾನದಂಡದ ಹಿಮಾಲಯನ್ ಆದರೋ ಕಾಲೇನೋ ಊರುತ್ತದೆ, ಆದರೆ 199 ಕಿಲೋ ತೂಕವನ್ನು ಅಪಾರ್ಟ್‌ಮೆಂಟಿನ ಇಳಿಜಾರು ಪಾರ್ಕಿಂಗಿನಲ್ಲಿ ಹಿಮ್ಮುಖವಾಗಿ ತಳ್ಳಲು ವಾಚ್‌ಮನ್ನರ ಸಹಾಯ ಬೇಕು. ಹಿಮಾಲಯನ್‌ನಲ್ಲೂ ಎಕ್ಸ್‌ಪಲ್ಸ್‌ನಲ್ಲೂ, ಕಡ್ಡಿಗಳಿಂದ ಬಿಗಿದ ಸ್ಪೋಕ್ ಚಕ್ರಗಳಿರುವ ಕಡೆ ಸಾಮಾನ್ಯವಾಗಿ ಟೈರಿನೊಳಗೆ ಟ್ಯೂಬ್ ಇರುತ್ತದೆ. ಬಂಡೆಗಳ ಹೊಡೆತಕ್ಕೆ ಇವು ಒಳ್ಳೆಯವು, ಆದರೆ ಕಚೇರಿಯ ಹಾದಿಯಲ್ಲಿ ಮೊಳೆ ಚುಚ್ಚಿದರೆ ಟ್ಯೂಬ್‌ಲೆಸ್ ಟೈರಿನಂತೆ ಹೊರಗಿನಿಂದಲೇ ಬತ್ತಿ ತುರುಕಿ ಹೊರಡುವಂತಿಲ್ಲ, ಚಕ್ರವನ್ನೇ ಬಿಚ್ಚಬೇಕು. ಲಡಾಖಿನ ಬಂಡೆಗಿಂತ ಹೊರವರ್ತುಲ ರಸ್ತೆಯ ಮೊಳೆ ಹೆಚ್ಚು ಖಚಿತವೆಂಬುದನ್ನು ಬೈಕಾರ್ಥಿಗೆ ಒಪ್ಪಿಸಲು ಈವರೆಗೆ ಯಾರಿಂದಲೂ ಸಾಧ್ಯವಾಗಿಲ್ಲ.

ಬೈಕು ನೋಡಲು ಹೋಗುವ ಭಾನುವಾರ ಆತ ಪರಿಚಯದ ಮೆಕ್ಯಾನಿಕ್ಕನ್ನೂ ಜೊತೆಗೆ ಕರೆದೊಯ್ಯುತ್ತಾನೆ. ತಣ್ಣಗಿರುವ ಎಂಜಿನ್ನಿನ ಮೊದಲ ಸದ್ದಿನಲ್ಲಿ ಮಾತ್ರ ನಿಜ ಹೊರಬೀಳುವುದರಿಂದ, ಮಾರುವವನು ಮೊದಲೇ ಬಿಸಿಮಾಡಿಟ್ಟಿದ್ದಾನೆಯೇ ಎಂದು ಬೈಕಾರ್ಥಿಯು ಎಂಜಿನ್ನಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚುತ್ತಾನೆ. ಅಷ್ಟರಲ್ಲಿ ಮೆಕ್ಯಾನಿಕ್ ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಮುಂಚಕ್ರವನ್ನು ಎತ್ತಿಸಿ, ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲುಗಾಡಿಸಿ, ಹ್ಯಾಂಡಲ್ ತಿರುಗುವ ಕತ್ತಿನೊಳಗಿನ ಬೇರಿಂಗುಗಳನ್ನು ಉದ್ದೇಶಿಸಿ "ಕೋನ್‌ಸೆಟ್ ಹೋಗಿದೆ ಸಾರ್" ಎನ್ನುತ್ತಾನೆ. ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಾಗಿದ್ದರೆ ಚೈನ್ ಸೆಟ್ಟೂ ಹೋಗಿದೆಯೆಂದು ಅರ್ಥ. ಇವೆಲ್ಲ ಕೆಲವು ಸಾವಿರ ರೂಪಾಯಿಗಳ ರಿಪೇರಿ. ಬೈಕಾರ್ಥಿ ಮಾತ್ರ ಇದನ್ನೇ ನೆಪಮಾಡಿಕೊಂಡು, ಇನ್ನೂ ಅಗ್ಗದ್ದೊಂದು ಪುಣೆಯಲ್ಲಿದೆ ಎಂದು ಹಿಂದಿರುಗುತ್ತಾನೆ. ಪುಣೆಯ ಬೈಕಿಗೆ ಅಲ್ಲಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ತಂದು, ಇಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಿ, ಹೊಸ ಕೆಎ ನಂಬರು ಪಡೆಯಬೇಕೆಂದು ತಿಳಿದ ದಿನ ಮತ್ತೆ ಎಕ್ಸೆಲ್ ಹಾಳೆ ತೆರೆಯುತ್ತಾನೆ.

ಗಮನಿಸಬೇಕಾದ ಸಂಗತಿಯೆಂದರೆ, ಮಾರುವವನೂ ಬಹುಪಾಲು ಇದೇ ಪ್ರಭೇದದವನು: ಬಹಳ ಹುಡುಕಾಡಿ ಕೊಂಡು, ಬೆಲೆಬಾಳುವ ಕ್ರ್ಯಾಶ್ ಗಾರ್ಡ್, ಎಂಜಿನ್ನಿನ ಅಡಿಯನ್ನು ಕಾಯುವ ಬ್ಯಾಶ್ ಪ್ಲೇಟ್, ಇಕ್ಕೆಲದ ಸಾಮಾನು ಪೆಟ್ಟಿಗೆಗಳಾದ ಪ್ಯಾನಿಯರ್‌ಗಳು ಎಲ್ಲವನ್ನೂ ಹಾಕಿಸಿ, ಲಡಾಖಿಗೆಂದು ಸಜ್ಜುಗೊಳಿಸಿ, ನಂದಿಬೆಟ್ಟದವರೆಗೆ ಹೋಗಿ ಇಡ್ಲಿ ತಿಂದು ಬಂದವನು. ಮಗು ಹುಟ್ಟಿದೆ, ಬೆನ್ನು ನೋಯುತ್ತಿದೆ ಅಥವಾ 2023ರಲ್ಲಿ ಬಂದ ಹಿಮಾಲಯನ್ 450 ಮನಸ್ಸು ಕೆಡಿಸಿದೆ ಎಂಬುದು ಆತ ಹೇಳುವ ಕಾರಣ.

ಆದ್ದರಿಂದ ನಿಜವಾಗಿಯೂ ಬೈಕು ಬೇಕಾಗಿರುವ ಓದುಗರು ಇಂಥವನನ್ನೇ ಹುಡುಕುವುದು ಲೇಸು. ಕಡಿಮೆ ಓಡಿದ, ಕಾಲಕಾಲಕ್ಕೆ ಸರ್ವೀಸಾದ, ಬಂಡೆಯ ಮುಖವನ್ನೇ ಕಾಣದ ಗಾಡಿ ಆತನ ಬಳಿ ಇರುತ್ತದೆ. ಸಾಲವಿದ್ದರೆ ಬ್ಯಾಂಕಿನ ಹೆಸರನ್ನು ಆರ್‌ಸಿಯಿಂದ ತೆಗೆಸಿ, ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡ ಮೇಲೆಯೇ ಪೂರ್ತಿ ಹಣ ಕೊಡಬೇಕು. ಪ್ಯಾನಿಯರ್‌ಗಳಿಗೆ ಆತ ಪ್ರತ್ಯೇಕ ಬೆಲೆ ಕೇಳುತ್ತಾನೆ; ಕೊಡಬೇಕಾಗಿಲ್ಲ.