ಬೇತಮಂಗಲಕ್ಕೆ ಬಂದ ಗೋಡೋ

ಬೇತಮಂಗಲದ ಬಸ್ ನಿಲ್ದಾಣದಲ್ಲಿ ಮಾತು ಕನ್ನಡದಲ್ಲಿ ಶುರುವಾಗುತ್ತದೆ, ವ್ಯಾಪಾರಕ್ಕೆ ಬಂದಾಗ ತೆಲುಗಿಗೆ ಹೊರಳುತ್ತದೆ, ಜಗಳ ಹತ್ತಿದರೆ ತಮಿಳಿನಲ್ಲಿ ಮುಗಿಯುತ್ತದೆ. ಇದಕ್ಕಾಗಿ ಯಾರೂ ಕೋರ್ಸ್ ಮಾಡಿದವರಲ್ಲ. ಯಾವ ಕೆಲಸಕ್ಕೆ ಯಾವ ಮಾತು ನಾಲಿಗೆಗೆ ಹತ್ತಿರವೋ ಅದನ್ನು ಎತ್ತಿಕೊಳ್ಳುತ್ತಾರೆ, ಅಷ್ಟೆ. ಇಷ್ಟು ಜಾಣರ ಮನೆಯ ಮಕ್ಕಳು ಕಂಪ್ಯೂಟರಿನಲ್ಲಿ ಒಂದು ಆಟ ಕಟ್ಟಲು ಹೊರಟಾಗ ಮಾತ್ರ ಈ ಜಾಣತನವನ್ನು ಹೊಸಿಲಾಚೆ ಬಿಟ್ಟು, ‘ಎಲ್ಲಕ್ಕಿಂತ ದೊಡ್ಡ ಗೇಮ್ ಎಂಜಿನ್ ಯಾವುದು?’ ಎಂದು ಕೇಳುತ್ತಾರೆ. ಎಂಜಿನ್ ಅಂದರೆ ಹೊಗೆ ಉಗುಳುವಂಥದ್ದೇನಲ್ಲ. ಚಿತ್ರ ಮೂಡಿಸುವುದು, ಸದ್ದು ಹೊರಡಿಸುವುದು, ಚೆಂಡು ಗೋಡೆಗೆ ಬಡಿದರೆ ಪುಟಿಸುವುದು ಇವನ್ನೆಲ್ಲ ಮೊದಲೇ ಮಾಡಿಟ್ಟ ಸಾಮಾನು. ಆಟದ ನಿಯಮವನ್ನಷ್ಟೇ ನಾವು ಬರೆಯಬೇಕು, ಆದರೆ ಅದಕ್ಕೆ ಅರ್ಥವಾಗುವ ಭಾಷೆಯಲ್ಲಿ. ಅನ್‌ರಿಯಲ್ ಎಂಬ ಎಂಜಿನ್ನಿಗೆ ಸಿ ಪ್ಲಸ್ ಪ್ಲಸ್ ಬೇಕು, ಯೂನಿಟಿಗೆ ಸಿ ಶಾರ್ಪ್, ಗೋಡೋಗೆ ಪೈಥಾನನ್ನೇ ಹೋಲುವ ತನ್ನದೇ ಜಿಡಿಸ್ಕ್ರಿಪ್ಟ್. ಲುವಾ ಭಾಷೆ ಬಲ್ಲವರಿಗೆ ಲವ್ ಎಂಬುದೂ ಒಂದಿದೆ. ರಾತ್ರಿಯೆಲ್ಲ ಕೂತು ಏನು ಮಾಡುತ್ತಿದ್ದೀಯ ಎಂದು ಅಪ್ಪ ಕೇಳಿದಾಗ ಇದರ ಹೆಸರು ಹೇಳದಿರುವುದು ಕ್ಷೇಮ. ನನ್ನ ವಾದ ಇಷ್ಟೇ: ಎಂಜಿನ್ನಿನ ಕೀರ್ತಿ ನೋಡಬೇಡಿ, ನಿಮ್ಮ ಕೈ ನೋಡಿಕೊಳ್ಳಿ.

ಆದರೆ ಕೆಜಿಎಫ್‌ನ ಚಿನ್ನದ ಗಣಿಯ ಮಗ್ಗುಲಲ್ಲೇ ಇರುವವರ ಕನಸು ಚಿಕ್ಕದಾಗಿರಲು ಹೇಗೆ ಸಾಧ್ಯ? 2018ರಲ್ಲಿ ಯಶ್ ಅವರ ‘ಕೆ.ಜಿ.ಎಫ್’ ಸಿನಿಮಾ ಬಂದ ಮೇಲಂತೂ ಆಟದ ಯೋಜನೆ ಸಿದ್ಧವಾಗಿಯೇ ಇರುತ್ತದೆ. 3 ಕಿಲೋಮೀಟರಿಗೂ ಹೆಚ್ಚು ಆಳದ ಚಾಂಪಿಯನ್ ರೀಫ್ ಗಣಿ, ಅದರೊಳಗೆ ಸಾವಿರ ಸುರಂಗ, ಮೇಲೆ ಸೈನೈಡ್ ದಿಬ್ಬ, ದಿಬ್ಬದ ಮೇಲೆ ಬೈಕ್ ಚೇಸ್. ಇಷ್ಟಕ್ಕೆಲ್ಲ ಅನ್‌ರಿಯಲ್ಲೇ ಬೇಕೆಂದು ಹತ್ತಾರು ಜಿಬಿ ಇಳಿಸಿಕೊಳ್ಳುತ್ತಾರೆ. ಆ ತಿಂಗಳು ಮನೆಯವರ ಡೇಟಾ ಪ್ಯಾಕೆಲ್ಲ ಗಣಿಗೆ ಅರ್ಪಣೆ. ‘ನಿನಗೆ ಸಿ ಪ್ಲಸ್ ಪ್ಲಸ್ ಬರುತ್ತದೇನಪ್ಪಾ?’ ಎಂದರೆ ‘ಓ, ಎಂಬತ್ತೆಂಟು ಮಾರ್ಕ್ಸು!’ ಎಂಬ ಉತ್ತರ ತಯಾರು. ಆ ಮಾರ್ಕ್ಸು ಬಂದದ್ದು ಟರ್ಬೊ ಸಿ ಎಂಬ ನೀಲಿ ಪರದೆಯ ಮುಂದೆ, ಪ್ರಾಣಿ ಎಂಬ ಕ್ಲಾಸಿನಿಂದ ನಾಯಿ ಎಂಬ ಕ್ಲಾಸನ್ನು ಹುಟ್ಟಿಸಿ ಅದರಿಂದ ಒಮ್ಮೆ ಬೊಗಳಿಸಿದ್ದಕ್ಕೆ. ಅನ್‌ರಿಯಲ್ಲಿನ ಸಿ ಪ್ಲಸ್ ಪ್ಲಸ್‌ಗೆ ತನ್ನದೇ ಮ್ಯಾಕ್ರೋಗಳಿವೆ, ನೆನಪಿನ ಕಸ ಗುಡಿಸುವ ತನ್ನದೇ ಏರ್ಪಾಟಿದೆ. ಅದರ ಎದುರು ಆ ನಾಯಿ ಬಾಲ ಮುದುರಿ ಕೂರುತ್ತದೆ. ಹೀಗಾಗಿ ‘ಬರುತ್ತದೆ’ ಎಂಬ ಮಾತಿಗೇ ಮೊದಲು ಅಳತೆ ಹಾಕಬೇಕು. ಪುಸ್ತಕ ಮುಚ್ಚಿಟ್ಟು, ಯಾರನ್ನೂ ಕೇಳದೆ, ಪಟ್ಟಿಯಲ್ಲಿರುವ ಹತ್ತು ಹೆಸರನ್ನು ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಂ ಯಾವ ಭಾಷೆಯಲ್ಲಿ ಬೆರಳಿಂದ ತಾನಾಗಿ ಇಳಿಯುತ್ತದೋ ಅದು ನಿಮ್ಮದು. ಮಿಕ್ಕಿದ್ದು ಮಾರ್ಕ್ಸ್ ಕಾರ್ಡಿನದು.

ಈ ವಾದಕ್ಕೆ ಪುರಾವೆ ಗಣಿಯೇ ಕೊಡುತ್ತದೆ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕೆಲಸ ಹಿಡಿದಾಗ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಯವರನ್ನು ಕರೆಸಿತು. ಅವರಲ್ಲಿ ಹೆಚ್ಚಿನವರು ಅಗೆದದ್ದು ತವರ, ತಾಮ್ರ. ಆದರೆ ಗಟ್ಟಿ ಬಂಡೆಯೊಳಗೆ ಆಳಕ್ಕೆ ಇಳಿಯುವುದು, ಮದ್ದು ತುಂಬಿ ಸಿಡಿಸುವುದು, ಒಸರುವ ನೀರನ್ನು ಮೇಲೆತ್ತುವುದು ಅವರ ಕೈಗೆ ಹತ್ತಿದ್ದ ಕೆಲಸ. ಲೋಹ ಬದಲಾಯಿತು, ಕಸುಬು ಬದಲಾಗಲಿಲ್ಲ. ಜಾವಾ ಬಲ್ಲವರು ಸಿ ಶಾರ್ಪ್‌ನ ಯೂನಿಟಿಗೆ ಹೋಗುವುದೂ, ಪೈಥಾನ್ ಬಲ್ಲವರು ಗೋಡೋಗೆ ಇಳಿಯುವುದೂ ಇದೇ ಬಗೆಯದು. ವಿಟಿಯು ಎಂಜಿನಿಯರಿಂಗ್ ಪಠ್ಯದಲ್ಲಿ ಸಿ, ಜಾವಾ, ಪೈಥಾನ್ ಮೂರೂ ಇರುವುದರಿಂದ ನಮ್ಮ ಮಕ್ಕಳು ಬರಿಗೈಯವರೇನಲ್ಲ.

‘ಅಯ್ಯೋ, ಭಾಷೆ ಏನು ಮಹಾ, ವಾರದಲ್ಲಿ ಕಲಿಯಬಹುದು. ಮೂರು ಭಾಷೆ ಆಡುವ ಊರಲ್ಲಿ ನಾಲ್ಕನೆಯದು ಭಾರವೇ?’ ಎಂದು ಯಾರಾದರೂ ಅಡ್ಡ ಬರಬಹುದು. ಆಕ್ಷೇಪಣೆ ಸುಮ್ಮನೆ ತಳ್ಳುವಂಥದ್ದಲ್ಲ. ಆದರೆ ತೆಲುಗು ಕಲಿಯುವಾಗ ಜೊತೆಗೇ ಸೈಕಲ್ ಹೊಡೆಯುವುದನ್ನೂ ಯಾರೂ ಕಲಿಯುವುದಿಲ್ಲ. ಆಟ ಕಟ್ಟುವುದೇ ಒಂದು ಹೊಸ ವಿದ್ಯೆ. ಒಂದು ಚೆಂಡನ್ನೇ ತೆಗೆದುಕೊಳ್ಳಿ. ಪರದೆಯ ಚಿತ್ರ ಬದಲಾದಾಗಲೆಲ್ಲ ಚೆಂಡು 5 ಪಿಕ್ಸೆಲ್ ಬಲಕ್ಕೆ ಹೋಗಲಿ ಎಂದು ಬರೆಯುತ್ತೀರಿ. ಸೆಕೆಂಡಿಗೆ 60 ಚಿತ್ರ ತೋರಿಸುವ ಹೊಸ ಲ್ಯಾಪ್‌ಟಾಪಿನಲ್ಲಿ ಅದು 300 ಪಿಕ್ಸೆಲ್ ಓಡುತ್ತದೆ, 30 ಚಿತ್ರಕ್ಕೇ ಏದುಸಿರು ಬಿಡುವ ಹಳೆಯದರಲ್ಲಿ 150. ಒಂದೇ ಆಟ ಒಂದು ಮನೆಯಲ್ಲಿ ಎಕ್ಸ್‌ಪ್ರೆಸ್, ಪಕ್ಕದ ಮನೆಯಲ್ಲಿ ಮಾರಿಕುಪ್ಪಂ ಪ್ಯಾಸೆಂಜರ್. ಇದಕ್ಕೆ ಮದ್ದು ಡೆಲ್ಟಾ, ಅಂದರೆ ಹಿಂದಿನ ಚಿತ್ರದಿಂದ ಈ ಚಿತ್ರಕ್ಕೆ ಕಳೆದ ಸಮಯ. ವೇಗವನ್ನು ಅದರಿಂದ ಗುಣಿಸಿದರೆ ಎರಡೂ ಮನೆಯಲ್ಲಿ ಚೆಂಡು ಒಟ್ಟಿಗೆ ಗೋಡೆ ಮುಟ್ಟುತ್ತದೆ. ಭಾಷೆ ಗೊತ್ತಿದ್ದವರಿಗೆ ಇದು ಅರ್ಧ ಗಂಟೆಯ ತಲೆಬಿಸಿ. ಭಾಷೆಯೂ ಹೊಸದಾದರೆ ತಪ್ಪು ಗುಣಾಕಾರದಲ್ಲಿದೆಯೋ, ಸೆಮಿಕೋಲನ್ನಿನಲ್ಲಿದೆಯೋ ತಿಳಿಯದೆ ಚೆಂಡನ್ನೇ ಶಪಿಸುತ್ತ ಕೂರಬೇಕು.

ಹಾಗೆಂದು ಹತ್ತಿರದ ಭಾಷೆಯೆಲ್ಲ ನೆಂಟನೇ ಎಂದು ನಂಬಿಬಿಡಬಾರದು. ‘ಪಂಪು’ ಎಂದರೆ ಕನ್ನಡದವರ ಕಿವಿಗೆ ನೀರೆತ್ತುವ ಯಂತ್ರ. ಕೆಜಿಎಫ್‌ಗೆ ಪಾಲಾರಿನ ನೀರು ಕಳಿಸಿದ ಬೇತಮಂಗಲದಲ್ಲಂತೂ ಬೇರೆ ಅರ್ಥವೇ ತೋಚದು. ತೆಲುಗಿನವರಿಗೆ ಅದು ‘ಕಳಿಸು’. ಜಾವಾದವರು ಯೂನಿಟಿಗೆ ಹೋಗಿ ವಸ್ತುವಿನ ಸ್ಥಾನದ ಎಕ್ಸ್ ಬೆಲೆಯೊಂದನ್ನೇ ನೇರವಾಗಿ 5 ಮಾಡಲು ಹೋದರೆ ಅದು ಒಪ್ಪುವುದಿಲ್ಲ. ಅಲ್ಲಿ ಕೈಗೆ ಸಿಗುವ ಸ್ಥಾನ ಬರೀ ಜೆರಾಕ್ಸ್ ಪ್ರತಿ. ತಿದ್ದಿ, ಇಡೀ ಪ್ರತಿಯನ್ನೇ ವಾಪಸು ಒಪ್ಪಿಸಬೇಕು, ಥೇಟ್ ತಾಲ್ಲೂಕು ಕಚೇರಿ. ಆದರೂ ಇಂಥ ಎಡವಟ್ಟು ಬೆರಳೆಣಿಕೆಯವು. ನೆಂಟರ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹುಡುಕುವಷ್ಟು.

ಇನ್ನು ನೌಕರಿಯ ಮಾತು. ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿಬರುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಸ್ಟುಡಿಯೋಗಳು ಕೇಳುವುದು ಯೂನಿಟಿ, ಅನ್‌ರಿಯಲ್; ನಿಜ. ಆದರೆ ಅವರು ಮೊದಲು ಕೇಳುವುದು ಮುಗಿಸಿದ ಆಟ ತೋರಿಸು ಎಂದು. ಅರ್ಧಕ್ಕೆ ನಿಂತ ಚಾಂಪಿಯನ್ ರೀಫಿಗಿಂತ ಪೂರ್ತಿಯಾದ ಚೌಕಾಬಾರಕ್ಕೆ ಅಲ್ಲಿ ಬೆಲೆ ಹೆಚ್ಚು. ಜಾವಾದಲ್ಲಿ, ಲಿಬ್‌ಜಿಡಿಎಕ್ಸ್ ಎಂಬ ಚೌಕಟ್ಟಿನ ಮೇಲೆ ಕಟ್ಟಿದ ‘ಸ್ಲೇ ದ ಸ್ಪೈರ್’ ಲೋಕವೆಲ್ಲ ಆಡಿದ ಆಟ. 2024ರ ‘ಬಲಾತ್ರೋ’ ಒಬ್ಬನೇ ಕೂತು ಲವ್‌ನಲ್ಲಿ ಕಟ್ಟಿದ್ದು. ‘ಅಂಡರ್‌ಟೇಲ್’ ಆಟದ ಸಂಭಾಷಣೆಯೆಲ್ಲ ಒಂದೇ ಒಂದು ರಾಕ್ಷಸ ಗಾತ್ರದ ಸ್ವಿಚ್ ಸ್ಟೇಟ್‌ಮೆಂಟಿನೊಳಗೆ ಇದೆಯಂತೆ ಎಂದು ಬಲ್ಲವರು ಇಂದಿಗೂ ನಗುತ್ತಾರೆ, ನಗುತ್ತಲೇ ಆಡುತ್ತಾರೆ. ದೊಡ್ಡ ಎಂಜಿನ್ ಎಂಬ ಭರವಸೆಗೂ ಗ್ಯಾರಂಟಿಯಿಲ್ಲ. 2023ರ ಸೆಪ್ಟೆಂಬರಿನಲ್ಲಿ ಯೂನಿಟಿ ಪ್ರತಿ ಇನ್‌ಸ್ಟಾಲ್ ಲೆಕ್ಕದಲ್ಲಿ ಶುಲ್ಕ ವಿಧಿಸುವುದಾಗಿ ಹೇಳಿ ಗದ್ದಲವೆಬ್ಬಿಸಿತು, ಸರಿಯಾಗಿ ವರ್ಷಕ್ಕೆ ಅದನ್ನು ಕೈಬಿಟ್ಟಿತು. ಆ ಗದ್ದಲದಲ್ಲೇ ‘ಸ್ಲೇ ದ ಸ್ಪೈರ್’ನವರು ಎರಡನೆಯ ಭಾಗವನ್ನು ಯೂನಿಟಿಯಿಂದ ಗೋಡೋಗೆ ಹೊತ್ತೊಯ್ದರು. ಬೆಕೆಟ್‌ನ ನಾಟಕದ ಗೋಡೋ ಎಷ್ಟು ಕಾದರೂ ಬರಲಿಲ್ಲ. ಅವನ ಹೆಸರು ಹೊತ್ತ ಈ ಎಂಜಿನ್ ಟೀ ಆರುವುದರೊಳಗೆ ಇಳಿದು ಬರುತ್ತದೆ, ಕಾಸೂ ಕೇಳುವುದಿಲ್ಲ.

ಕೈಗೆ ಬಂದ ಭಾಷೆಗಳ ಲೆಕ್ಕದಲ್ಲಿ ಎಲ್ಲರೂ ಮರೆಯುವುದು ಕನ್ನಡವನ್ನು. ಆಟದ ಪರದೆಯಲ್ಲಿ ಕನ್ನಡ ಸರಿಯಾಗಿ ಮೂಡಬೇಕಾದರೆ ಒತ್ತಕ್ಷರ ಜೋಡಿಸುವ ಜ್ಞಾನ ಎಂಜಿನ್ನಿಗಿರಬೇಕು. ಯೂನಿಟಿಯಲ್ಲಿ ಬಹುಕಾಲದಿಂದ ಅಕ್ಷರ ಮೂಡಿಸಲು ಬಳಕೆಯಲ್ಲಿರುವ ಟೆಕ್ಸ್ಟ್‌ಮೆಶ್ ಪ್ರೋಗೆ ಅದು ತಾನಾಗಿ ಬಾರದು. 2023ರ ಮಾರ್ಚಿನಲ್ಲಿ ಬಂದ ಗೋಡೋ 4ಕ್ಕೆ ಬರುತ್ತದೆ. ಬಾರದ ಕಡೆ ಬೇತಮಂಗಲ ಹೇಗೋ ಮುಕ್ಕಾಲು ಪಾಲು ಉಳಿದುಕೊಳ್ಳುತ್ತದೆ, ಅದರಲ್ಲಿ ಒತ್ತೇ ಇಲ್ಲ. ಮಾರಿಕುಪ್ಪಂನ ಪಕಾರದ ಒತ್ತು ಕಳಚಿ ಪಕ್ಕದಲ್ಲಿ ನಿಲ್ಲುತ್ತದೆ. ರಾಬರ್ಟ್‌ಸನ್‌ಪೇಟೆಯಂತೂ ಅರ್ಕಾವತ್ತು ಒಂದು ಕಡೆ, ಅಕ್ಷರ ಒಂದು ಕಡೆಯಾಗಿ, ಗಣಿಯಲ್ಲಿ ಮದ್ದು ಸಿಡಿದ ಹಾಗೆ ಚೆಲ್ಲಾಪಿಲ್ಲಿ. ಇಂಥ ಎಂಜಿನ್ ಹಿಡಿದವರು ಬಟನ್ನಿನ ಮೇಲೆ ‘ಸ್ಟಾರ್ಟ್’ ಎಂದು ಬರೆಯಲು ಹೋಗಿ, ಒತ್ತಿನ ಭಯಕ್ಕೆ ಅಳಿಸಿ, ‘ಶುರು’ ಎಂದು ಬರೆದು ನಿಟ್ಟುಸಿರು ಬಿಡುತ್ತಾರೆ.